ಮೊಡವೆಯ ಟ್ಯೂಬು ಮತ್ತು ನಾನು ಕೇಳದೆ ಬಿಟ್ಟ ಪ್ರಶ್ನೆ

ಔಷಧದಂಗಡಿಯ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಕಾಲೇಜು ಮುಗಿಸಿ ಕೌಂಟರಿನ ಹಿಂದೆ ನಿಂತು ಅವರಿಗೆ ತಿಂಗಳೂ ಆಗಿರುವುದಿಲ್ಲ. ಕೇಳುವುದೆಲ್ಲ ದೊಡ್ಡ ಔಷಧಗಳ ವಿಷಯ. ಹೃದಯದ ಮಾತ್ರೆ, ಇನ್ಸುಲಿನ್, ಫಿಟ್ಸಿನ ಮದ್ದು ಕೊಡುವಾಗ ಯಾವ ಎಚ್ಚರ ಬೇಕು ಎಂದು. ನಾನು ಅವರಿಗೆ ಮೊಡವೆಗೆ ಹಚ್ಚುವ ಸಣ್ಣ ಟ್ಯೂಬಿನ ಕತೆ ಹೇಳಲು ಶುರುಮಾಡಿದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ದೊಡ್ಡ ಔಷಧ ಕೊಡುವಾಗ ನಮ್ಮ ಕೈ ತಾನಾಗಿಯೇ ಹೆದರುತ್ತದೆ. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಕುಂದಾಪುರದಲ್ಲಿ ದುಡಿದ ನಾನು ಮಾಡಿದ ದೊಡ್ಡ ತಪ್ಪು ಆದದ್ದು ಕೈ ಹೆದರದ ಕಡೆಯಲ್ಲಿ.

ನಾನು ಮುಂಬಯಿಯಿಂದ ಊರಿಗೆ ವಾಪಸಾದದ್ದು ೧೯೯೭ರಲ್ಲಿ. ಅಲ್ಲಿ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದಿದ್ದೆ. ಕುಂದಾಪುರದಲ್ಲಿ ಬಸ್‌ ನಿಲ್ದಾಣದಿಂದ ಕೂಗಳತೆ ದೂರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಸಿಕ್ಕಿತು. ಯಜಮಾನರನ್ನು ಊರೆಲ್ಲ ಪ್ರಭು ಮಾಮ್ ಎಂದೇ ಕರೆಯುತ್ತಿತ್ತು. ಎಂಥ ಡಾಕ್ಟರರ ಅಕ್ಷರವನ್ನೂ ಕನ್ನಡಕ ಹಾಕದೆ ಓದುವವರು. ಅವಧಿ ಮುಗಿದ ಒಂದು ಮಾತ್ರೆಯೂ ಅವರ ಕಪಾಟಿನಲ್ಲಿ ಸಿಗುತ್ತಿರಲಿಲ್ಲ. ಆ ಶಿಸ್ತು ಕಲಿತದ್ದು ನಾನು ಅವರಿಂದಲೇ. ಅವರಲ್ಲಿದ್ದ ದೋಷ ಒಂದೇ, ಅವಸರ. ಕೌಂಟರಿನ ಮುಂದೆ ಮೂರು ಜನ ನಿಂತರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಸುಲೋಚನಾ, ಕೊಟ್ಟ್ ಕಳ್ಸ್, ಕೊಟ್ಟ್ ಕಳ್ಸ್. ಜನ ಬಸ್ಸಿಗ್ ಹೋಯ್ಕ್" ಎನ್ನುತ್ತಿದ್ದರು. ಜನರಿಗೂ ಅದೇ ಬೇಕಾಗಿತ್ತು. ಸಿದ್ದಾಪುರದ ಬಸ್ಸು, ಬೈಂದೂರಿನ ಬಸ್ಸು ಹೊರಡುವ ಮೊದಲಿನ ಹತ್ತು ನಿಮಿಷ ನಮ್ಮ ಅಂಗಡಿ ಸಂತೆಯಾಗಿಬಿಡುತ್ತಿತ್ತು.

ಆಗ ಔಷಧದಂಗಡಿಯಲ್ಲಿ ಹೆಂಗಸರು ಕೆಲಸ ಮಾಡುವುದು ಅಪರೂಪ. ಹಾಗಾಗಿ ಕಾಲೇಜಿನ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಬಂದವರು ಮೊದಲು ಎರಡು ಕೆಮ್ಮಿನ ಪೆಪ್ಪರ್‌ಮಿಂಟ್ ತೆಗೆದುಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ಗಂಡಸರು ಹೋಗುವ ತನಕ ಕಾದು, ಆಮೇಲೆ ಕೌಂಟರಿನ ಮೇಲೆ ಬಾಗಿ, "ಅಕ್ಕ, ಮೋರಿಗೆ ಹಚ್ಚುಕೆ ಎಂತಾರೂ ಇತ್ತಾ?" ಎಂದು ಕೇಳುತ್ತಿದ್ದರು. ನಮ್ಮ ಕಡೆ ಮೋರಿ ಎಂದರೆ ಮುಖ. ಮೊಡವೆ ಎಂಬ ಶಬ್ದ ಬಾಯಿಂದ ಬರುತ್ತಿರಲಿಲ್ಲ. ಕೆನ್ನೆಯ ಮೇಲಿನ ಆರು ಗುಳ್ಳೆಗಳಿಂದಾಗಿ ಕಾಲೇಜಿಗೇ ಹೋಗದೆ ಉಳಿಯುವ ಮಕ್ಕಳಿದ್ದಾರೆಂದು ನನಗೆ ಗೊತ್ತಾದದ್ದು ಆ ಕೌಂಟರಿನಲ್ಲಿ. ನಗುವ ವಿಷಯವಲ್ಲ ಅದು.

ಅಂಗಡಿಯ ಮಾಳಿಗೆಯ ಕೋಣೆಯಲ್ಲಿ ಪ್ರತಿ ಬುಧವಾರ ಚರ್ಮದ ಡಾಕ್ಟರು ಕೂರುತ್ತಿದ್ದರು. ಹೆಸರು ಡಾಕ್ಟರ್ ವತ್ಸಲಾ. ಮೈಸೂರು ಕಡೆಯವರು. ಮಾತು ಕಡಿಮೆ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಜಾಯಮಾನ. ನನಗೆ ಅವರ ಎದುರು ನಿಲ್ಲಲು ಸ್ವಲ್ಪ ಹೆದರಿಕೆ.

ಸೇರಿದ ಎರಡನೆಯ ವರ್ಷವಿರಬೇಕು. ಒಂದು ಬುಧವಾರ ಸಂಜೆ, ಬಸ್ಸುಗಳ ಹೊತ್ತಿಗೇ ಸರಿಯಾಗಿ, ಡಾಕ್ಟರ ಚೀಟಿ ಹಿಡಿದು ಒಬ್ಬ ಹುಡುಗಿ ಬಂದಳು. ರೇಖಾ ಎಂದು ಹೆಸರು. ಮನೆ ಕೋಡಿಯಲ್ಲಿ. ತಾಯಿ ಸೀತಕ್ಕ ಮಾರ್ಕೆಟ್ಟಿನಲ್ಲಿ ಮೀನು ಮಾರುವವರು, ನನಗೂ ಪರಿಚಯದವರೇ. ಹುಡುಗಿ ಪಿಯುಸಿ ಓದುತ್ತಿದ್ದಳು. ಎರಡೂ ಕೆನ್ನೆಗಳಲ್ಲಿ, ಹಣೆಯಲ್ಲಿ ಕೆಂಪು ಗುಳ್ಳೆಗಳು. ಚೀಟಿಯಲ್ಲಿದ್ದದ್ದು ಕ್ಲಿಂಡಾಮೈಸಿನ್ ಜೆಲ್, ಅಂದರೆ ಕ್ರಿಮಿಗಳನ್ನು ಕೊಲ್ಲುವ ಆ್ಯಂಟಿಬಯಾಟಿಕ್ ಔಷಧವನ್ನು ಹಚ್ಚುವ ರೂಪದಲ್ಲಿ ಕೊಡುವ ಟ್ಯೂಬು. ದಿನಕ್ಕೆ ಎರಡು ಬಾರಿ ಎಂದು ಡಾಕ್ಟರು ಬರೆದಿದ್ದರು.

ನಾನು ಟ್ಯೂಬನ್ನು ಕವರಿಗೆ ಹಾಕಿ ಮೇಲೆ '೧-೦-೧' ಎಂದು ಬರೆದುಕೊಟ್ಟೆ. ಬೆಳಗ್ಗೆ ಒಂದು, ರಾತ್ರಿ ಒಂದು. ಮಾತ್ರೆಯ ಕವರಿನ ಮೇಲೆ ಬರೆದು ಬರೆದು ಕೈಗೆ ರೂಢಿಯಾದ ಬರಹ. ಮಾತ್ರೆಗಾದರೆ ಅದಕ್ಕೆ ಅರ್ಥವಿದೆ. ಜೆಲ್ಲಿನಲ್ಲಿ ಒಂದು ಎಂದರೆ ಎಷ್ಟು? ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವಳ ಹಿಂದೆ ಇನ್ನೂ ಐದು ಜನ ನಿಂತಿದ್ದರು.

ಆರನೆಯ ದಿನಕ್ಕೆ ಅವಳು ಅದೇ ಚೀಟಿ ಹಿಡಿದುಕೊಂಡು ಇನ್ನೊಂದು ಟ್ಯೂಬಿಗೆ ಬಂದಳು. ಮುಖಕ್ಕೆ ತೆಳ್ಳಗೆ ಹಚ್ಚಿದರೆ ಅದು ಎರಡು ಮೂರು ವಾರವಾದರೂ ಬರಬೇಕಾದ ಟ್ಯೂಬು. ಆರೇ ದಿನದಲ್ಲಿ ಖಾಲಿಯಾದದ್ದು ಹೇಗೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕೊಟ್ಟು ಕಳಿಸಿದೆ.

ಎರಡು ವಾರ ಕಳೆದಿರಬಹುದು. ಸೀತಕ್ಕ ಮಾರ್ಕೆಟ್ಟಿನಿಂದ ನೇರವಾಗಿ, ಕೈ ತೊಳೆದ ನೀರು ಇನ್ನೂ ಆರುವ ಮೊದಲೇ ಅಂಗಡಿಗೆ ಬಂದರು.

"ಹ್ವಾಯ್ ಅಕ್ಕ, ಹೆಣ್ಣಿಗ್ ಹೊಟ್ಟಿ ಸಮ ಇಲ್ಲೆ. ನಿನ್ನೆಯಿಂದ ಹೊರಕಡಿ ಹೋಪುದೇ ಆಯ್ತ್. ಎಂತಾರೂ ಮಾತ್ರಿ ಕೊಡಿ."

"ಹೊರಗೆ ಎಂತಾರೂ ತಿಂದಳಾ?" ಎಂದು ನಾನು ಕೇಳಿದೆ.

"ಈಗಿನ ಮಕ್ಳ್, ಎಂತ ತಿಂತ್ರೋ ಯಾರಿಗ್ ಗೊತ್ತ್!"

ಭೇದಿ ನಿಲ್ಲಿಸುವ ಮಾತ್ರೆ ನಾಲ್ಕು ಕೊಟ್ಟೆ. ಎರಡು ದಿನ ಬಿಟ್ಟು ಅವರು ಮತ್ತೆ ಬಂದರು. ಭೇದಿ ನಿಂತಿಲ್ಲ, ಹೊಟ್ಟೆ ನೋವು ಬೇರೆ ಎಂದರು. ಮತ್ತೆ ಅದೇ ಮಾತ್ರೆ ಕೊಟ್ಟೆ. ಸೀತಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ಯಾವ ಮಗಳಿಗೆ ಎಂದು ಸಹ ನಾನು ಕೇಳಲಿಲ್ಲ. ಬೇರೆ ಯಾವುದಾದರೂ ಔಷಧ ನಡೆಯುತ್ತಿದೆಯೇ ಎಂದು ಕೇಳಲಿಲ್ಲ. ಕೇಳಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು.

ಮುಂದಿನ ಬುಧವಾರ ಡಾಕ್ಟರ್ ವತ್ಸಲಾ ಮಾಳಿಗೆ ಹತ್ತದೆ ನೇರವಾಗಿ ಕೌಂಟರಿಗೆ ಬಂದರು. ಅವರ ಕೈಯಲ್ಲಿ ಖಾಲಿಯಾದ ಮಾತ್ರೆಯ ಹಾಳೆ ಇತ್ತು.

"ಇದನ್ನು ಕೊಟ್ಟವರು ಯಾರು?"

"ನಾನು" ಎಂದೆ.

"ರೇಖಾಗೆ ಭೇದಿಯಲ್ಲಿ ರಕ್ತ ಹೋಗ್ತಾ ಇದೆ. ಮೊನ್ನೆ ಉಡುಪಿಯಲ್ಲಿ ಅಡ್ಮಿಟ್ ಮಾಡಿದಾರೆ. ನೋಡಲು ಹೋದಾಗ ಅವಳ ತಾಯಿ ಈ ಹಾಳೆ ಕೊಟ್ಟರು. ಅವಳು ಕ್ಲಿಂಡಾಮೈಸಿನ್ ಹಚ್ಚುತ್ತಾ ಇದ್ದದ್ದು ನಿಮಗೆ ಗೊತ್ತಿತ್ತು ತಾನೆ?"

ಪ್ರಭು ಮಾಮ್ ಕೂತ ಕುರ್ಚಿಯಿಂದ ಎದ್ದು ನಿಂತರು. ಕಾಲೇಜಿನಲ್ಲಿ ಓದಿದ ಪಾಠ ಆ ಕ್ಷಣದಲ್ಲಿ ಅಕ್ಷರ ಅಕ್ಷರವಾಗಿ ನೆನಪಾಯಿತು. ಈ ಔಷಧ ಮೊಡವೆಯ ಕ್ರಿಮಿಯನ್ನು ಕೊಲ್ಲುವ ಹಾಗೆಯೇ ಹೊಟ್ಟೆಯ ಒಳಗಿನ ಒಳ್ಳೆಯ ಕ್ರಿಮಿಗಳನ್ನೂ ಕೊಲ್ಲಬಲ್ಲದು. ಆಗ ಕೆಟ್ಟ ಕ್ರಿಮಿಯೊಂದು ಬೆಳೆದು ಕರುಳನ್ನು ಹುಣ್ಣು ಮಾಡುತ್ತದೆ. ಅಂಥ ಭೇದಿಯನ್ನು ಮಾತ್ರೆ ಕೊಟ್ಟು ತಡೆದರೆ ವಿಷ ಒಳಗೇ ಉಳಿಯುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದಿದ್ದೆ.

"ಚರ್ಮಕ್ಕೆ ಹಚ್ಚುವ ಜೆಲ್ಲಿನಿಂದ ಹೀಗಾಗುವುದು ತುಂಬಾ ಅಪರೂಪ" ಎಂದು ಡಾಕ್ಟರು ಸ್ವಲ್ಪ ತಣ್ಣಗಾಗಿ ಹೇಳಿದರು. "ಅದರಿಂದಲೇ ಆಯಿತು ಅಂತ ನಾನು ಆಣೆ ಇಟ್ಟು ಹೇಳಲಾರೆ. ಹಚ್ಚುವ ಕ್ರಮ ಅವಳಿಗೆ ನಾನೂ ಬಿಡಿಸಿ ಹೇಳಿರಲಿಲ್ಲ, ಅದು ನನ್ನ ತಪ್ಪು. ಆದರೆ ಆ ತಾಯಿ ನಿಮ್ಮ ಹತ್ತಿರ ಎರಡು ಸಲ ಬಂದಿದ್ದರು ಸುಲೋಚನಾ. ಎರಡು ಸಲ."

ಮರುದಿನ ರಜೆ ಹಾಕಿ ಉಡುಪಿಗೆ ಹೋದೆ. ರೇಖಾ ಮಂಚದ ಮೇಲೆ ಒಣಗಿದ ಎಲೆಯ ಹಾಗೆ ಮಲಗಿದ್ದಳು. ಕೈಗೆ ಡ್ರಿಪ್ ಹಾಕಿದ್ದರು. ಟ್ಯೂಬನ್ನು ಹೇಗೆ ಹಚ್ಚುತ್ತಿದ್ದೆ ಎಂದು ಮೆಲ್ಲಗೆ ಕೇಳಿದೆ. ಅವಳು ತೋರುಬೆರಳನ್ನು ಎತ್ತಿ ತೋರಿಸಿದಳು. ಒಂದು ಎಂದರೆ ಒಂದು ಬೆರಳುದ್ದ ಎಂದು ಅವಳು ತಿಳಿದಿದ್ದಳು. ಬೆಳಗ್ಗೆ ಒಂದು ಬೆರಳು, ರಾತ್ರಿ ಒಂದು ಬೆರಳು. ನಾಲ್ಕು ದಿನವಾದರೂ ಗುಣ ಕಾಣದಿದ್ದಾಗ ಮಧ್ಯಾಹ್ನವೂ ಹಚ್ಚಲು ಶುರುಮಾಡಿದ್ದಳು. ಬೆನ್ನಿಗೂ ಎದೆಗೂ ಹಚ್ಚಿದ್ದಳು. ಹಚ್ಚುವ ಮೊದಲು ಮುಖವನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯುತ್ತಿದ್ದಳು. ಉಜ್ಜಿ ಗಾಯವಾದ ಚರ್ಮ ಔಷಧವನ್ನು ಇನ್ನಷ್ಟು ಒಳಗೆ ಎಳೆದುಕೊಂಡಿರಬೇಕು.

"ಎಂತಕ್ ಅಷ್ಟ್ ಅವಸರ ಮಾಡ್ದೆ ಮಗಾ?"

"ಕ್ಲಾಸಲ್ಲ್ ನನ್ನ ಹಲ್ಸಿನ್ ಕಾಯಿ ಅಂದೇಳಿ ಕರಿತ್ರ್ ಅಕ್ಕ" ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಸೀತಕ್ಕ ಕೂತಿದ್ದರು. ಅವರಿಗೆ ಇನ್ನೂ ಯಾರೂ ಏನೂ ಬಿಡಿಸಿ ಹೇಳಿರಲಿಲ್ಲ. ಸುಮ್ಮನೆ ಹಣ್ಣು ಕೊಟ್ಟು ಬಂದುಬಿಡಬಹುದಿತ್ತು. ಪ್ರಭು ಮಾಮ್ ಕೂಡ ಹೊರಡುವಾಗ, "ಹೆಚ್ಚ್ ಮಾತಾಡುಕ್ ಹೋಗ್ಬೇಡ" ಎಂದಿದ್ದರು. ನಾನು ಅವರ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಟ್ಯೂಬಿನ ಕ್ರಮ ಹೇಳದೆ ಕೊಟ್ಟದ್ದು, ಆರೇ ದಿನಕ್ಕೆ ಇನ್ನೊಂದು ಕೊಟ್ಟದ್ದು, ಏನೂ ವಿಚಾರಿಸದೆ ಎರಡು ಸಲ ಭೇದಿಯ ಮಾತ್ರೆ ಕೊಟ್ಟದ್ದು. ತಪ್ಪು ನನ್ನದು ಎಂದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಮಾರ್ಕೆಟ್ಟಿನಲ್ಲಿ ಅವರ ಬಾಯಿಗೆ ಹೆದರದವರು ಕಡಿಮೆ.

"ನಂಗ್ ಓದುಕ್ ಬತ್ತಿಲ್ಲೆ ಅಕ್ಕ" ಎಂದರು. "ಓದುಕ್ ಬಪ್ಪರ್ ಹೇಳ್ಕಲ್ದಾ?"

ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ರೇಖಾ ಬದುಕಿಕೊಂಡಳು. ಜೆಲ್ ನಿಲ್ಲಿಸಿ ಸರಿಯಾದ ಔಷಧ ಕೊಟ್ಟ ಮೇಲೆ ಕರುಳು ನಿಧಾನವಾಗಿ ತಹಬಂದಿಗೆ ಬಂತು. ಎರಡು ವಾರದೊಳಗೆ ಮನೆಗೆ ಬಂದಳು. ಆಮೇಲೆ ಡಾಕ್ಟರು ಅವಳಿಗೆ ಆ್ಯಂಟಿಬಯಾಟಿಕ್ ಅಲ್ಲದ ಬೇರೆ ಔಷಧ ಕೊಟ್ಟರು. ಇನ್ನು ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಔಷಧ ತನಗೆ ಆಗುವುದಿಲ್ಲ ಎಂದು ಮೊದಲೇ ಹೇಳಬೇಕೆಂದು ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿಯ ಅರ್ಥವನ್ನು ಸೀತಕ್ಕನಿಗೆ ನಾನು ಮೂರು ಸಲ ಹೇಳಿ, ಮೂರು ಸಲ ಅವರ ಬಾಯಿಂದ ತಿರುಗಿ ಹೇಳಿಸಿದೆ.

ತಿರುಗಿ ಹೇಳಿಸುವುದು ಶುರುವಾದದ್ದು ಅಲ್ಲಿಂದ. ಪ್ರಭು ಮಾಮ್‌ರನ್ನು ಕಾಡಿಬೇಡಿ ಕೌಂಟರಿನ ತುದಿಯಲ್ಲಿ ಒಂದು ಸ್ಟೂಲು ಹಾಕಿಸಿಕೊಂಡೆ. ಮೊಡವೆಯ ಜೆಲ್ ಕೊಳ್ಳುವವರು ಎರಡು ನಿಮಿಷ ಅಲ್ಲಿ ಕೂರಲೇಬೇಕು. ಮೊದಲು ನಾನು ಕೇಳುವುದು. ಹಿಂದೆ ಯಾವುದಾದರೂ ಔಷಧದಿಂದ ತೊಂದರೆಯಾಗಿತ್ತೇ, ಕರುಳಿನ ಕಾಯಿಲೆ ಇದೆಯೇ, ಈಗ ಬೇರೆ ಏನು ಹಚ್ಚುತ್ತಿದ್ದೀರಿ, ಹೊಟ್ಟೆಯಲ್ಲಿ ಮಗು ಇದೆಯೇ, ಹಾಲು ಕುಡಿಯುವ ಮಗು ಇದೆಯೇ. ಆಮೇಲೆ ಹೇಳುವುದು. ಮುಖವನ್ನು ಮೆತ್ತಗೆ ತೊಳೆದು, ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ, ಡಾಕ್ಟರು ಹೇಳಿದ ಜಾಗಕ್ಕೆಲ್ಲ ತೆಳ್ಳಗೆ ಸವರುವುದು. ಕಣ್ಣು, ತುಟಿ, ಮೂಗಿನ ಒಳಗೆ ತಾಗಬಾರದು, ತಾಗಿದರೆ ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹೆಚ್ಚು ಹಚ್ಚಿದರೆ ಬೇಗ ಗುಣವಾಗುವುದಿಲ್ಲ, ಉರಿ ಬರುತ್ತದೆ ಅಷ್ಟೆ. ಗುಣ ಕಾಣಲು ಆರು ವಾರವಾದರೂ ಬೇಕು, ಕೆಲವರಿಗೆ ಮೂರು ತಿಂಗಳು. ಭೇದಿ ಶುರುವಾದರೆ ಜೆಲ್ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು, ನಮ್ಮಲ್ಲಿಗೆ ಬಂದು ಮಾತ್ರೆ ಕೇಳಬಾರದು.

ಆ ಸ್ಟೂಲಿನಿಂದ ಇನ್ನೊಂದು ಪಾಠವೂ ನನಗೆ ಆಯಿತು. ಮೊಡವೆಯ ಟ್ಯೂಬು ಎಂದು ಜನ ತರುತ್ತಿದ್ದ ಖಾಲಿ ಟ್ಯೂಬುಗಳಲ್ಲಿ ಎಷ್ಟೋ ಮೊಡವೆಯದ್ದೇ ಅಲ್ಲ. ಹುಳುಕಡ್ಡಿಗೆಂದು ಮಾರುವ, ಸ್ಟೀರಾಯ್ಡ್ ಬೆರೆಸಿದ ಕ್ರೀಮು. ಹಚ್ಚಿದ ಮೊದಲ ವಾರ ಮುಖ ಬೆಳ್ಳಗೆ ನುಣ್ಣಗೆ ಕಾಣುತ್ತದೆ, ಬಿಟ್ಟ ಕೂಡಲೇ ಗುಳ್ಳೆಗಳು ಎರಡರಷ್ಟು ಏಳುತ್ತವೆ. ಚರ್ಮ ತೆಳ್ಳಗಾಗಿ ಬಿಸಿಲಿಗೆ ಹೋದರೆ ಸಾಕು ಕೆಂಡದ ಹಾಗೆ ಕೆಂಪಾಗುತ್ತದೆ. ಅಕ್ಕಪಕ್ಕದ ಮನೆಯವರು, ಮದುವೆಮನೆಯ ಗೆಳತಿಯರು ಹೇಳಿದ್ದನ್ನು ಕೇಳಿ ಹಚ್ಚಿಕೊಂಡವರೇ ಎಲ್ಲ. ಹಾಗಾಗಿ ಹೊಸಬರಿಗೆ ನನ್ನದೊಂದು ಮಾತು. ಗಿರಾಕಿ ಟ್ಯೂಬು ತೋರಿಸಿದರೆ ಬಣ್ಣ ನೋಡಿ ಕೊಡಬೇಡಿ, ಕೈಯಲ್ಲಿ ಹಿಡಿದು ಸಣ್ಣ ಅಕ್ಷರಗಳನ್ನು ಓದಿ.

ಪ್ರಭು ಮಾಮ್‌ಗೆ ನನ್ನ ಸ್ಟೂಲು ಕಣ್ಣಿಗೆ ಬಿದ್ದ ಕಸವಾಗಿತ್ತು. ಏನೂ ಹೇಳಲಾರದೆ ಮುಖ ಸಿಂಡರಿಸುತ್ತಿದ್ದರು. ನಾವಿಬ್ಬರೂ ಬಹಿರಂಗವಾಗಿಯೇ ಜಗಳ ಮಾಡಿಕೊಂಡದ್ದು ಬಹಳ ವರ್ಷಗಳ ನಂತರ, ನಾಗರಾಜ ಎಂಬವನ ದೆಸೆಯಿಂದ.

ನಾಗರಾಜ ಶಂಕರನಾರಾಯಣದ ಕಡೆಯವನು. ಯಕ್ಷಗಾನ ಮೇಳವೊಂದರಲ್ಲಿ ಸ್ತ್ರೀವೇಷ ಮಾಡುತ್ತಿದ್ದ, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಮಳೆಗಾಲ ಹತ್ತಿರವಾಗಿ ಮೇಳದ ಆ ವರ್ಷದ ತಿರುಗಾಟ ಮುಗಿದ ಮೇಲೆ ಒಂದು ಬೆಳಿಗ್ಗೆ ಬಂದು ಖಾಲಿ ಟ್ಯೂಬನ್ನು ಕೌಂಟರಿನ ಮೇಲಿಟ್ಟ.

"ಇದ್ ಎರಡ್ ಕೊಡಿ."

ಕ್ಲಿಂಡಾಮೈಸಿನ್ ಜೆಲ್ಲೇ. ಚೀಟಿ ಕೇಳಿದೆ. ಚೀಟಿ ಇಲ್ಲ. ಎಷ್ಟು ದಿನದಿಂದ ಹಚ್ಚುತ್ತಿದ್ದೀಯ ಎಂದು ಕೇಳಿದರೆ ಒಂದು ವರ್ಷವಾಯಿತು ಎಂದ. ಮೇಳ ಹೋದ ಊರಲ್ಲೆಲ್ಲ ಖಾಲಿ ಟ್ಯೂಬು ತೋರಿಸಿ ಕೊಳ್ಳುತ್ತಿದ್ದನಂತೆ, ಒಮ್ಮೆ ಬೈಂದೂರಿನಲ್ಲಿ, ಒಮ್ಮೆ ಬ್ರಹ್ಮಾವರದಲ್ಲಿ. ಮೊದಲ ಎರಡು ತಿಂಗಳು ಚೆನ್ನಾಗಿ ಗುಣ ಕಂಡಿತ್ತು. ಆಮೇಲೆ ಔಷಧ ನಾಟುವುದು ನಿಂತಿತು. ಈಗ ಅವನ ಗಲ್ಲ, ದವಡೆಗಳ ತುಂಬ ಗಂಟುಗಂಟು.

"ಚೀಟಿ ಇಲ್ದೆ ಕೊಡುಕಾತಿಲ್ಲೆ. ಬುಧವಾರ ಡಾಕ್ಟ್ರ್ ಬತ್ರ್, ಅವ್ರಿಗೆ ತೋರ್ಸ್" ಎಂದೆ.

"ಎಲ್ಲಾ ಅಂಗ್ಡಿಯಗೂ ಕೊಡ್ತ್ರ್, ನಿಮ್ಗೆಂತ ಅಕ್ಕ?" ಎಂದು ಅವನು ದನಿ ಏರಿಸಿದ.

ಒಳಗಿನಿಂದ ಪ್ರಭು ಮಾಮ್ ಬಂದರು. "ಕೊಟ್ಟ್ ಕಳ್ಸ್ ಸುಲೋಚನಾ. ಮೋರಿಗ್ ಹಚ್ಚು ಟ್ಯೂಬಲ್ದಾ, ವಿಷ ಅಲ್ಲ. ನೀ ಕೊಡ್ದಿದ್ರೆ ಎದ್ರ್ ಅಂಗ್ಡಿಯಗ್ ತಕಂತ."

"ಎದುರಂಗಡಿಯಲ್ಲೇ ತೆಗೆದುಕೊಳ್ಳಲಿ ಮಾಮ್. ನನ್ನ ಕೈಯಿಂದ ಕೊಡುವುದಿಲ್ಲ. ನೀವು ಹೇಳಿದರೆ ನಾಳೆಯಿಂದ ಕೆಲಸಕ್ಕೂ ಬರುವುದಿಲ್ಲ" ಎಂದು ನಾನು ಪುಸ್ತಕದ ಕನ್ನಡದಲ್ಲೇ ಹೇಳಿಬಿಟ್ಟೆ. ಸಿಟ್ಟು ಬಂದರೆ ನನಗೆ ಊರಿನ ಮಾತು ಮರೆತುಹೋಗುತ್ತದೆ.

ಅಂಗಡಿಯಲ್ಲಿದ್ದ ನಾಲ್ಕು ಜನ ನಮ್ಮನ್ನೇ ನೋಡುತ್ತಿದ್ದರು. ಪ್ರಭು ಮಾಮ್‌ರ ಕಿವಿ ಕೆಂಪಾಯಿತು. ಈ ಊರಿನಲ್ಲಿ ನನ್ನ ಕೊನೆಯ ದಿನ ಇದೇ ಎಂದುಕೊಂಡೆ. ಮಾಮ್ ಕೌಂಟರಿನ ಮೇಲಿದ್ದ ಖಾಲಿ ಟ್ಯೂಬನ್ನು ಎತ್ತಿಕೊಂಡರು. ನನ್ನೆದುರು ಎಂದೂ ಕನ್ನಡಕ ಹಾಕದವರು ಕಿಸೆಯಿಂದ ಕನ್ನಡಕ ತೆಗೆದು ಹಾಕಿ ಟ್ಯೂಬಿನ ಹಿಂಬದಿಯನ್ನು ಓದತೊಡಗಿದರು. ಓದಿ ಮುಗಿಸಿ ನಾಗರಾಜನ ಮುಖವನ್ನು ಒಮ್ಮೆ ಹತ್ತಿರದಿಂದ ನೋಡಿದರು.

"ವರ್ಷ ಹಚ್ಚಿ ಗುಣ ಆಗ್ದೆ ಇದ್ದದ್ದ್ ಇನ್ನೆರಡ್ ಟ್ಯೂಬಿಗ್ ಗುಣ ಆತ್ತಾ ಮಾರಾಯ?" ಎಂದರು. "ಬುಧವಾರ ಬಾ. ನಿನ್ನ ಹೆಸ್ರ್ ಮೊದ್ಲ್ ಬರ್ಸಿಡ್ತೆ."

ನಾಗರಾಜ ಬಾಗಿಲ ತನಕ ಹೋದವನು ಅಲ್ಲೇ ನಿಂತ. ತಿರುಗಿ ಬಂದು ದನಿ ಇಳಿಸಿ ಮಾತಾಡಿದ. ಗಂಟುಗಳ ಮೇಲೆ ಬಣ್ಣ ಕೂರುತ್ತಿಲ್ಲ, ಬಣ್ಣ ತೆಗೆಯುವಾಗ ಜೀವ ಹೋದಂತಾಗುತ್ತದೆ. ಮುಂದಿನ ತಿರುಗಾಟಕ್ಕೆ ಮುಖ್ಯ ಸ್ತ್ರೀವೇಷ ಬೇರೆಯವನಿಗೆ ಕೊಡುವ ಮಾತು ನಡೆಯುತ್ತಿದೆ. "ನಂಗ್ ಬೇರೆ ಕೆಲ್ಸ ಗೊತ್ತಿಲ್ಲೆ ಅಕ್ಕ" ಎಂದ. ನಾನು ಅವನನ್ನು ಸ್ಟೂಲಿನ ಮೇಲೆ ಕೂರಿಸಿದೆ.

ಬುಧವಾರ ಡಾಕ್ಟರ್ ವತ್ಸಲಾ ಅವನನ್ನು ನೋಡಿ ನನ್ನನ್ನೂ ಮಾಳಿಗೆಗೆ ಕರೆಸಿದರು. "ಒಂದೇ ಆ್ಯಂಟಿಬಯಾಟಿಕ್ ಅನ್ನು ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚಿದರೆ ಕ್ರಿಮಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಇವನ ಮುಖದಲ್ಲಿ ಆಗಿರುವುದು ಅದೇ" ಎಂದು ವಿವರಿಸಿದರು. ಆ ಜೆಲ್ ನಿಲ್ಲಿಸಿದರು. ಮೂರು ತಿಂಗಳ ಮಟ್ಟಿಗೆ ಬೇರೊಂದು ಆ್ಯಂಟಿಬಯಾಟಿಕ್ ಮಾತ್ರೆ ಬರೆದು, ಜೊತೆಗೆ ಹಚ್ಚಲು ಬೆಂಜಾಯಿಲ್ ಪೆರಾಕ್ಸೈಡ್ ಕೊಟ್ಟರು. ಅದಕ್ಕೆ ಕ್ರಿಮಿಗಳು ಒಗ್ಗಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಬಣ್ಣ ಹಚ್ಚುವ ಕೆಲಸ ಇಲ್ಲದಿದ್ದದ್ದು ಅವನ ಪುಣ್ಯ.

ಹತ್ತು ದಿನಕ್ಕೆ ನಾಗರಾಜ ಕೈಯಲ್ಲಿ ಒಂದು ಟವಲು ಹಿಡಿದು ಬಂದ. ಹೊಸ ಕೆಂಪು ಟವಲು, ಅದರ ತುಂಬ ಬಿಳಿಚಿಕೊಂಡ ಕಲೆಗಳು.

"ಅಕ್ಕ, ಇದ್ ಮದ್ದಾ, ಬ್ಲೀಚಿಂಗ್ ಪೌಡ್ರಾ? ಅಬ್ಬಿ ನನ್ನ ಮನಿಯಿಂದ ಹೊರ್ಗ್ ಹಾಕುದೊಂದ್ ಬಾಕಿ!"

ಅವನ ತಾಯಿಯ ಸಿಟ್ಟಿಗೆ ಕಾರಣ ನಾನೇ ಎಂದು ಹಣೆ ಚಚ್ಚಿಕೊಂಡೆ. ಆ ಔಷಧ ಬಟ್ಟೆಯ, ಕೂದಲಿನ ಬಣ್ಣ ತೆಗೆಯುತ್ತದೆ. ಅಷ್ಟೆಲ್ಲ ಹೇಳಿದವಳು ಅದೊಂದನ್ನು ಮರೆತಿದ್ದೆ. ಇಷ್ಟು ವರ್ಷವಾದ ಮೇಲೂ ಏನಾದರೊಂದು ಬಿಟ್ಟುಹೋಗುತ್ತದೆ ಎಂದು ಅಂದಿನಿಂದ ಕಪಾಟಿನ ಬಾಗಿಲಿನ ಒಳಗೆ ಒಂದು ಹಾಳೆ ಅಂಟಿಸಿ, ನೋಡಿಕೊಂಡೇ ಹೇಳತೊಡಗಿದೆ. ಅವನಿಗೆ ಬಿಳಿ ಟವಲನ್ನೇ ಬಳಸಲು ಹೇಳಿದೆ. ವೇಷದ ಸೀರೆ, ರವಿಕೆ ಮುಟ್ಟುವ ಮೊದಲು ಕೈ ತೊಳೆದುಕೋ ಎಂದೂ ಹೇಳಿದೆ.

ಮೂರನೆಯ ವಾರ ಚರ್ಮ ಒಣಗಿ ಸಿಪ್ಪೆ ಏಳತೊಡಗಿತು. ಎಲ್ಲವನ್ನೂ ಬಿಟ್ಟುಬಿಡುತ್ತೇನೆ ಎಂದು ಕೂತ. ಡಾಕ್ಟರು ಹಚ್ಚುವುದನ್ನು ಒಂದು ದಿನ ಬಿಟ್ಟು ಒಂದು ದಿನಕ್ಕೆ ಇಳಿಸಿದರು. ಅವನು ಬಣ್ಣ ತೆಗೆಯುವ ಕ್ರಮವನ್ನೂ ನಾನು ಕೇಳಿ ತಿಳಿದುಕೊಂಡೆ. ತೆಂಗಿನೆಣ್ಣೆ ಬಳಿದು, ದಪ್ಪ ಬಟ್ಟೆಯಲ್ಲಿ ಉಜ್ಜಿ, ಎಣ್ಣೆಯ ಮುಖದಲ್ಲೇ ಮಲಗಿಬಿಡುವುದಂತೆ. ಎಣ್ಣೆ ರಂಧ್ರಗಳಲ್ಲಿ ಉಳಿಯುತ್ತದೆ, ಉಜ್ಜಿದಲ್ಲಿ ಗಂಟಾಗುತ್ತದೆ. ಹತ್ತಿಯಿಂದ ಮೆಲ್ಲಗೆ ಒತ್ತಿ ಬಣ್ಣ ತೆಗೆದು, ಎಣ್ಣೆಯ ಜಿಡ್ಡು ಹೋಗುವಂತೆ ಹಗುರವಾದ ಸೋಪಿನಲ್ಲಿ ತೊಳೆದೇ ಮಲಗಬೇಕು ಎಂದು ಡಾಕ್ಟರು ತಾಕೀತು ಮಾಡಿದರು. ಬಣ್ಣದ ಅಡಿಗೆ ಔಷಧ ಹಚ್ಚಲೇಬಾರದು ಎಂದೂ ಹೇಳಿದರು.

ಎರಡು ತಿಂಗಳು ಏನೂ ಆಗಲಿಲ್ಲ ಎಂದೇ ಹೇಳಬೇಕು. ಆಮೇಲೆ ಒಂದು ದಿನ ಅವನು ಸ್ಟೂಲಿನ ಮೇಲೆ ಕೂತಾಗ ಎಡ ದವಡೆಯಲ್ಲಿ ಗಂಟುಗಳು ಕಡಿಮೆಯಾದದ್ದು ನನ್ನ ಕಣ್ಣಿಗೆ ಬಿತ್ತು. ದೀಪಾವಳಿಯ ಹೊತ್ತಿಗೆ ಕಲೆಗಳು ಉಳಿದಿದ್ದವು, ಗಂಟುಗಳು ಇರಲಿಲ್ಲ. ಅದಕ್ಕೂ ಮೊದಲು, ಮೂರು ತಿಂಗಳು ತುಂಬಿ ಡಾಕ್ಟರು ಮಾತ್ರೆ ನಿಲ್ಲಿಸಿದಾಗ ಅವನು ನಿಲ್ಲಿಸಲು ಒಪ್ಪಲೇ ಇಲ್ಲ.

"ಗುಣ ಆಪ್ ಹೊತ್ತಿಗೇ ಬಿಡುದ್ ಎಂತಕೆ ಅಕ್ಕ?"

"ಗುಣ ಆದ್ಮೇಲೂ ತಿಂತಾ ಹೋದ್ರೆ, ನಾಳೆ ಬೇಕಾಪ್ ಹೊತ್ತಿಗೆ ಅದ್ ನಾಟುದಿಲ್ಲೆ. ಹಚ್ಚು ಮದ್ದ್ ಮಾತ್ರ ಬಿಡ್ಬೇಡ" ಎಂದೆ. ಗೊಣಗಿಕೊಂಡು ಒಪ್ಪಿದ.

ಪ್ರಭು ಮಾಮ್ ಆ ಜಗಳದ ಬಗ್ಗೆ ಎಂದೂ ಮಾತೆತ್ತಲಿಲ್ಲ. ಆದರೆ ಆ ವರ್ಷದಿಂದ, ನಾನು ಊಟಕ್ಕೆ ಹೋದ ಹೊತ್ತಿನಲ್ಲಿ ಯಾರಾದರೂ ಟ್ಯೂಬು ಕೇಳಿದರೆ, "ಸ್ಟೂಲ್ ಮೇಲ್ ಕೂಕಣಿ, ಅಕ್ಕ ಬತ್ರ್" ಎಂದು ಕೂರಿಸಿಡುತ್ತಿದ್ದರು.

ನಾನು ಕೆಲಸ ಬಿಡುವ ಮೊದಲಿನ ಚಳಿಗಾಲದಲ್ಲಿ ನಾಗರಾಜನ ಮೇಳದ ಯಕ್ಷಗಾನ ಆಟ ಬ್ರಹ್ಮಾವರದ ಹತ್ತಿರ ಒಂದು ಶಾಲೆಯ ಬಯಲಿನಲ್ಲಿತ್ತು. ಸಂಜೆ ಶುರುವಾಗಿ ಮೂರು ತಾಸಿಗೆ ಮುಗಿಯುವ ಆಟ. ಮುಖ್ಯ ಸ್ತ್ರೀವೇಷ ತನ್ನದೇ, ಬರಲೇಬೇಕು ಎಂದು ಅವನು ಎರಡು ಸಲ ಹೇಳಿಹೋಗಿದ್ದ. ಹೊತ್ತು ಮುಳುಗುವ ಮೊದಲೇ ಹೋದ ನಾನು, ಮಾತಾಡಿಸಿ ಬರೋಣ ಎಂದು ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಕಡೆ ನಡೆದೆ. ಚೌಕಿ ಎಂದರೆ ಶಾಲೆಯದೇ ಒಂದು ಕೋಣೆ. ಬಾಗಿಲಲ್ಲಿ ಯಾರೋ ಪೆಟ್ಟಿಗೆ ಇಳಿಸುತ್ತಿದ್ದರಿಂದ ಹೊರಗೇ ಕಿಟಕಿಯ ಪಕ್ಕ ನಿಂತೆ.

ನಾಗರಾಜ ಕನ್ನಡಿಯ ಮುಂದೆ ಕೂತಿದ್ದ. ಬಣ್ಣ ಇನ್ನೂ ಹಚ್ಚಿರಲಿಲ್ಲ. ಮುಖ ತಿಳಿಯಾಗಿತ್ತು. ಪಕ್ಕದಲ್ಲಿ ಮೇಳದ ಹಾಸ್ಯಗಾರ, ಐವತ್ತು ದಾಟಿದ ಹಿರಿಯ, ನಾಗರಾಜನ ಚೀಲದಿಂದ ಇಣುಕುತ್ತಿದ್ದ ಟ್ಯೂಬಿಗೆ ಕೈ ಹಾಕಿದ್ದರು.

"ಇದೇ ಅಲ್ದನಾ ನಿನ್ನ ಮೊಡವಿ ಮದ್ದ್? ನನ್ನ ಮಗಳ ಮೋರಿಯಗೂ ಎದ್ದಿತ್. ಸ್ವಲ್ಪ ಒಂದ್ ಕಾಗ್ದದಗ್ ಹಿಂಡಿ ಕೊಡ್."

ನಾಗರಾಜ ಟ್ಯೂಬನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿದ.

"ಇದ್ ನನ್ನ ಮೋರಿ ಕಂಡ್ ಬರ್ದ್ ಕೊಟ್ಟದ್ದ್ ಅಣ್ಣ. ಮಗಳನ್ನ ಬುಧವಾರ ಕುಂದಾಪ್ರಕ್ ಕರ್ಕಂಡ್ ಬನ್ನಿ. ನಾನೇ ಬತ್ತೆ ಒಟ್ಟಿಗೆ."

"ಓಹೋ! ನೀ ಯಾವಾಗ ಡಾಕ್ಟ್ರ್ ಆದದ್ದಾ?" ಎಂದು ಹಾಸ್ಯಗಾರರು ರಾಗ ಎಳೆದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು.

"ಆಯಿಲ್ಲೆ" ಎಂದ ನಾಗರಾಜ. "ಅದ್ಕೇ ಕೊಡ್ತಿಲ್ಲೆ."

ಮತ್ತೆ ಕನ್ನಡಿಯ ಕಡೆ ತಿರುಗಿ ಹುಬ್ಬು ತೀಡಲು ಕೂತ. ನಾನು ಮಾತಾಡಿಸಲು ಹೋಗಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು, ಅಲ್ಲಿ ಹೋಗಿ ಕೂತೆ.